ಅತ್ತೆಯ ಮೂರು ಸಾಲು

ಮಗಳಿಗೆ ಐದು ತುಂಬಿದ ಮೇಲೆ ಮತ್ತೆ ಕೆಲಸಕ್ಕೆ ಸೇರಿದ ನನಗೆ ಆಫೀಸಿನಲ್ಲಿ ಒಪ್ಪಿಸಿದ್ದು ಒಂದು ಪುಟ್ಟ ಲಾಗಿಂಗ್ ಲೈಬ್ರರಿ, ಅಂದರೆ ಬಂದುಹೋದವರ ಲೆಕ್ಕ ಬರೆಯುವ ಸಾಫ್ಟ್‌ವೇರ್ ತುಣುಕು. ಸರ್ವರ್‌ಗೆ ಯಾರು, ಯಾವಾಗ, ಯಾವ ಪುಟ ಕೇಳಿಕೊಂಡು ಬಂದರು ಎಂದು ಅದು ತಲಾ ಒಂದು ಸಾಲು ಬರೆದಿಡಬೇಕು. "ಒಂದು ಸಾಲು ತಪ್ಪಿದ್ರೂ ಬೇರೆಯವರಿಗೆ ಕೊಟ್ಬಿಡ್ತೀನಿ," ಎಂದಿದ್ದರು ಮೇಲಧಿಕಾರಿ. ಸೋಮವಾರ ಕೊನೆಯ ದಿನ. ಇದು ಕೈತಪ್ಪಿದರೆ ಮತ್ತೆ ನನ್ನನ್ನು ಯಾರೂ ನಂಬುವುದಿಲ್ಲ ಎಂಬ ಅಳುಕು ನನಗೆ.

ಮನೆಯ ಹಳೇ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ, ಒಂದು ಪುಟ ಇಟ್ಟು ಪರೀಕ್ಷಿಸುತ್ತಿದ್ದೆ. "ನೋಡೋಕೆ ಒಂದು ನರಪಿಳ್ಳೆಯೂ ಬರಲ್ಲ," ಎಂದು ಶುಕ್ರವಾರ ಅತ್ತೆ-ಮಾವನೊಂದಿಗೆ ಊಟಕ್ಕೆ ಕೂತಾಗ ಗೊಣಗಿದೆ. ನನ್ನ ಬಾಯಿಗೆ ಮೊದಲಿಂದಲೂ ಬೀಗವಿಲ್ಲ.

ಶನಿವಾರ ಸಂಜೆ ನೋಡಿದರೆ ನೂರಿಪ್ಪತ್ತು ಸಾಲು! ಸರಿಯಾಗಿ ನಿಮಿಷಕ್ಕೊಂದು, ಒಂದು ಸೆಕೆಂಡೂ ಆಚೀಚೆ ಇಲ್ಲ. ಎಲ್ಲವೂ ಮಾವನ ಫೋನಿನಿಂದ.

ಮಾವ ಮೂವತ್ತು ವರ್ಷ ಕಾರ್ಖಾನೆಯ ಗೇಟಿನಲ್ಲಿ ಕೂತು, ಒಳಗೆ ಬಂದವರ ಹೊತ್ತು ಬರೆದವರು. "ಯಾರೂ ಬರಲ್ಲ ಅಂದ್ಯಲ್ಲಮ್ಮ, ಅದಕ್ಕೇ ನಾನು ಬಂದೆ," ಎಂದು ಗೋಡೆ ಗಡಿಯಾರ ತೋರಿಸಿದರು. ಹಳೇ ಲಕೋಟೆಯ ಹಿಂಬದಿಯಲ್ಲಿ ಅವರು ಬಂದ ಸಲಕ್ಕೊಂದರಂತೆ ಎಳೆದಿದ್ದ ಪೆನ್ಸಿಲ್ ಗೀಟುಗಳನ್ನು ಎಣಿಸಿದೆ. ನೂರಿಪ್ಪತ್ತು. ಗೆದ್ದೆ ಎಂದು ಕುಣಿದಾಡಿದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಕೇಳಿದರು: "ನಾನೂ ಮೂರು ಸಲ ನಿನ್ನ ಪುಟ ಒತ್ತಿದ್ನಲ್ಲ ಕಣೇ. ನಂದು ಬಂದಿಲ್ವಾ?"

"ನೀನ್ಯಾವಾಗ ಒತ್ತಿದ್ದು?" ಎಂದರು ಮಾವ.

"ನಿಮ್ಮ ಹಿಂದೇನೇ ಕೂತಿದ್ದೆ. ಅದೇ ಗಡಿಯಾರ ನೋಡ್ಕೊಂಡು."

"ಬೆರಳು ಸರಿಯಾಗಿ ತಾಗಿರಲ್ಲ ಅತ್ತೆ," ಎಂದುಬಿಟ್ಟೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಮಾವ ಅತ್ತೆಯನ್ನು ನೋಡಿ ನಕ್ಕರು.

ಅತ್ತೆಯ ಫೋನಿನಲ್ಲಿ ನನ್ನ ಪುಟ ತೆರೆದೇ ಇತ್ತು. ನನ್ನ ಲಾಗ್ ಕಡತದಲ್ಲಿ ಮಾತ್ರ ಅವರ ಸುಳಿವಿಲ್ಲ. ಕೋಡ್ ಕೆದಕಿದಾಗ ಗೊತ್ತಾಯಿತು: ಇಬ್ಬರು ಒಂದೇ ಕ್ಷಣಕ್ಕೆ ಬಂದರೆ ಲೈಬ್ರರಿ ಒಬ್ಬರ ಸಾಲಿನ ಮೇಲೇ ಇನ್ನೊಬ್ಬರದನ್ನು ಬರೆದುಬಿಡುತ್ತಿತ್ತು. ಸೋಮವಾರ ಇದನ್ನೇ ಒಪ್ಪಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅತ್ತೆಯ ಮುಖ. ಮಗಳು ಹುಟ್ಟಿದಾಗಿನಿಂದ ನನ್ನಷ್ಟೇ ನಿದ್ದೆಗೆಟ್ಟವರು ಅವರು. ಅದನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಭಾನುವಾರವೆಲ್ಲ ಕೂತು, ಎಷ್ಟು ಜನ ಒಟ್ಟಿಗೆ ಬಂದರೂ ಸರದಿಯಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಬರೆಯುವಂತೆ ತಿದ್ದಿದೆ. ಇಬ್ಬರನ್ನೂ ಗಡಿಯಾರದೆದುರು ಕೂರಿಸಿ, "ಈಗ!" ಎಂದೆ.

ಒಂದೇ ಸೆಕೆಂಡು, ಎರಡು ಸಾಲು.

"ಯಾರದು ಮೇಲಿದೆ?" ಮಾವನಿಗೆ ಆತುರ.

"ಅತ್ತೆದು."

ಅತ್ತೆ ಪರದೆಯ ಮೇಲೆ ಬೆರಳಿಟ್ಟರು. "ಇದು ನಾನೇನಾ?"

"ನೀವೇ, ಅತ್ತೆ. ನಿನ್ನೇನೂ ಬಂದಿದ್ರಿ. ನಾನೇ ಬರ್ಕೊಂಡಿರ್ಲಿಲ್ಲ," ಎಂದು ಕಣ್ಣೊರೆಸಿಕೊಂಡೆ.

"ಅಳೋದ್ಯಾಕೆ, ಇರು," ಎಂದು ಅತ್ತೆ ಗಡಿಯಾರದ ಕಡೆ ತಿರುಗಿದರು. "ಇನ್ನೊಂದ್ಸಲ ಬರ್ತೀನಿ."