ಅಂಬಿಗ ಕಾಣಿಸುತ್ತಿಲ್ಲ

ಹಿಂದೆ, ಅಂದರೆ ಅಜ್ಜಿಯ ಅಜ್ಜಿಗೆ ಹಾಲುಹಲ್ಲು ಮೂಡುವುದಕ್ಕೂ ಹಿಂದೆ, ಒಬ್ಬ ರಾಜಕುಮಾರನಿದ್ದ. ಅವನ ದನಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಕರಗುತ್ತಿತ್ತು. ವೈದ್ಯರು ಕೈಚೆಲ್ಲಿದರು. ಹೇಗೂ ಹೋಗುವ ದನಿ, ಇರುವಾಗಲೇ ಕೂಡಿಟ್ಟುಕೊಳ್ಳೋಣವೆಂದು ಅವನು ಒಂದೊಂದು ಮಾತನ್ನೂ ಒಂದೊಂದು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಹೊಳೆಯಾಚೆಯ ಕಣಜದಲ್ಲಿ ಇರಿಸಿದ. ಈಚೆ ದಡದಲ್ಲಿ ಒಬ್ಬ ಡಂಗುರದವನನ್ನು ನಿಲ್ಲಿಸಿದ. ರಾಜಕುಮಾರ ಕಣ್ಸನ್ನೆ ಮಾಡಿದರೆ ಡಂಗುರದವನು ಡಬ್ಬಿ ತರಿಸಬೇಕು, ಮುಚ್ಚಳ ತೆಗೆಯಬೇಕು, ಒಳಗಿನ ಮಾತು ಎಲ್ಲರಿಗೂ ಕೇಳಬೇಕು. ಆದರೆ ಕಣಜದವನ ಭಾಷೆ ಡಂಗುರದವನಿಗೆ ಬಾರದು, ಡಂಗುರದವನದು ಕಣಜದವನಿಗೆ ಬಾರದು. ಎರಡೂ ಬಲ್ಲವನು ಒಬ್ಬನೇ. ನಡುವೆ ದೋಣಿ ಹಾಯಿಸುವ ಅಂಬಿಗ.

ಇದು ಅಜ್ಜಿ ಹೇಳಿದ ಕಥೆಯಲ್ಲ. ಅಜ್ಜಿಯ ಧಾಟಿಯನ್ನು ಕದ್ದು ತಂಗಿ ತಾನೇ ಕಟ್ಟಿದ್ದು, ಅಮ್ಮನಿಗೆ ಅರ್ಥವಾಗಲಿ ಎಂದು. ರಾಜಕುಮಾರ ಅಂದರೆ ಅಣ್ಣ. ಅವನ ನರಗಳು ಒಂದೊಂದಾಗಿ ಒಣಗುತ್ತ ಬಂದಿದ್ದವು. ಮೊದಲು ಬೆರಳು, ಆಮೇಲೆ ಕಾಲು, ಆಮೇಲೆ ನಾಲಿಗೆ. ಕಣಜ ಅಂದರೆ ಡೇಟಾಬೇಸು. ಡಂಗುರದವನು ಅಂದರೆ ಹಾಸಿಗೆಯ ಪಕ್ಕದ ಕಂಪ್ಯೂಟರಿನಲ್ಲಿ ಓಡುವ ಒಂದು ಪುಟ್ಟ ಸ್ಕ್ರಿಪ್ಟು. ಅಂಬಿಗ ಅಂದರೆ ಅವೆರಡನ್ನೂ ಜೋಡಿಸುವ ಡ್ರೈವರು. ಕೈ ಆಡುತ್ತಿದ್ದ ಕಾಲದಲ್ಲಿ ಅಣ್ಣನೇ ಅದನ್ನು ಬರೆದು ಅಂಬಿಗ ಎಂದು ಹೆಸರಿಟ್ಟು ಜಗತ್ತಿಗೆಲ್ಲ ಬಿಟ್ಟಿಯಾಗಿ ಹಂಚಿದ್ದ. ಆಮೇಲೆ ಜಗತ್ತು ಬೇರೆ ಬೇರೆ ದೋಣಿಗಳನ್ನು ಹುಡುಕಿಕೊಂಡು ಹೋಯಿತು. ಅಣ್ಣ ಮಾತ್ರ ಇದರಲ್ಲೇ ಉಳಿದ.

ಅಮ್ಮನಿಗೆ ಕಥೆ ಅರ್ಥವಾಯಿತು. ಪಕ್ಕದ ಮನೆಯವರಿಗೆ ಆಗಲಿಲ್ಲ. "ನಿಮ್ಮ ಹುಡುಗಿ ಡ್ರೈವರ್ ಕೆಲಸಕ್ಕೆ ಸೇರಿದಾಳಂತೆ? ಬಸ್ಸೋ ಲಾರೀನೋ?" ಎಂದು ಕೇಳಿದ್ದರು. "ದೋಣಿ," ಎಂದಿದ್ದಳು ಅಮ್ಮ, ಬಾಗಿಲು ಎಳೆದುಕೊಳ್ಳುತ್ತ.

ದನಿ ತುಂಬಿಸುವ ಕೆಲಸ ನಡೆದದ್ದು ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ, ಅಂದರೆ ಅಣ್ಣನ ಕೋಣೆಯಲ್ಲಿ. ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಗಾಳಿ ಹಾಕುವ ಯಂತ್ರ ದಿನವಿಡೀ ಬುಸ್ ಬುಸ್ ಎನ್ನುತ್ತಿತ್ತು. ಅಣ್ಣನಿಗೆ ಆ ಸದ್ದು ಬೇಕು, ಬೀದಿಯ ಗಾಳಿ ಬೇಕು. ಅಮ್ಮನಿಗೆ ಧೂಳು, ಚಳಿ. ಅವನು "ಕಿಟಕಿ ತೆಗಿ" ಎನ್ನುವುದು, ಅವಳು ಸದ್ದಿಲ್ಲದೆ ಬಂದು ಮುಚ್ಚುವುದು, ಇದು ಅವನು ಶಾಲೆಗೆ ಹೋಗುತ್ತಿದ್ದಾಗಿನಿಂದ ನಡೆದುಬಂದ ಯುದ್ಧ. ಮೈಕಿನ ಮುಂದೆ ಕೂತಾಗಲೂ ಅವನು "ಕಿಟಕಿ ತೆಗಿ" ಎಂಬುದನ್ನು ಬೇರೆ ಬೇರೆ ರಾಗದಲ್ಲಿ ಹೇಳಿ ಹೇಳಿ ಡಬ್ಬಿಗೆ ತುಂಬಿದ್ದ: ಗೋಗರೆದು, ಗದರಿ, ಒಮ್ಮೆ ಸಾಹೇಬನ ಹಾಗೆ.

ಅಮ್ಮ ಹೊಸಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಬರೀ ತೆಗಿ ತೆಗಿ ಅಂತಾನೇ ತುಂಬಿಸ್ಕೋತೀಯಲ್ಲೋ. ಮುಚ್ಚು ಅಂತಾನೂ ಒಂದು ಹೇಳಿಡು. ಅಮ್ಮ ಅಡುಗೆ ಚೆನ್ನಾಗಿದೆ ಅಂತಾನೂ ಒಂದು."

"ಸುಳ್ಳು ಹೇಳೋಕೆ ಡಬ್ಬಿ ವೇಸ್ಟ್ ಮಾಡ್ಲಾ?"

"ಹೇಳಿಡೋ. ಇಟ್ಟಿದ್ದೇನು ಕೊಳೆಯುತ್ತಾ?"

ಅವನು ನಗುತ್ತ ಎರಡನ್ನೂ ಹೇಳಿಟ್ಟಿದ್ದ. ಆಗ ನಗು ಇನ್ನೂ ಗಂಟಲಲ್ಲಿತ್ತು.

ಮೊದಮೊದಲು ಒಂದೊಂದು ಮಾತಿಗೂ ಪರದೆಯ ಮೇಲೆ ಒಂದೊಂದು ಚಿತ್ರವಿತ್ತು; ಮಾತುಗಳು ಹೆಚ್ಚಾದಂತೆ ಅವನು ಚಿತ್ರಗಳನ್ನು ಬಿಟ್ಟು ಅಂಕಿ ಹಿಡಿದ. ಪ್ರತಿ ಡಬ್ಬಿಗೂ ಒಂದು ಸಂಖ್ಯೆ. ಪರದೆಯ ಮೇಲಿನ ಅಂಕಿಗಳನ್ನು ಅವನು ನೋಡಿದರೆ ಸಾಕು, ಕ್ಯಾಮೆರಾ ಅವನ ಕಣ್ಣನ್ನು ಹಿಡಿಯುತ್ತಿತ್ತು. ಯಾವ ಸಂಖ್ಯೆಗೆ ಯಾವ ಮಾತು ಎಂಬುದು ಅವನ ತಲೆಯಲ್ಲಿತ್ತು, ಕಣಜದಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ. "ಗಿಣಿ ಒಳಗೆ ಪ್ರಾಣ ಇಟ್ಟ ರಾಕ್ಷಸ ನೀನು," ಎಂದು ತಂಗಿ ಛೇಡಿಸಿದರೆ ಅವನು ಎಪ್ಪತ್ತೊಂದನ್ನು ನೋಡುತ್ತಿದ್ದ. ಕಂಪ್ಯೂಟರು ಅವನದೇ ದನಿಯಲ್ಲಿ "ಹೋಗೇ ಕೋತಿ" ಎನ್ನುತ್ತಿತ್ತು. ಅದರ ಬೆನ್ನಿಗೇ ಪರದೆಯ ಮೂಲೆಯಲ್ಲಿ ಒಂದು ಸಾಲು ಬೀಳುತ್ತಿತ್ತು: "೭೧ ದಡ ಸೇರಿತು." ಅದೂ ಅಣ್ಣನ ಒಕ್ಕಣೆಯೇ. ಡಂಗುರದವನು ಮರೆಗುಳಿಯಲ್ಲ; ಕೇಳಿದ್ದನ್ನು ದಡ ಸೇರುವವರೆಗೂ ಸಾಲಿನಲ್ಲಿ ಇಟ್ಟುಕೊಂಡು ಕಾಯುತ್ತಾನೆ ಎಂದು ಅವನು ಜಂಬ ಕೊಚ್ಚಿಕೊಂಡಿದ್ದ.

ಹೀಗಿರಲಾಗಿ ಚಳಿಗಾಲ ಕಾಲಿಡುವ ಹೊತ್ತಿಗೆ ಹಳೆಯ ಕ್ಯಾಮೆರಾ ಕಣ್ಣು ಹಿಡಿಯುವುದನ್ನು ಬಿಟ್ಟಿತು. ಕ್ಯಾಮೆರಾದವನು ಬಂದು, ಹೊಸದನ್ನು ಸಿಕ್ಕಿಸಿ, ಮಧ್ಯಾಹ್ನವೆಲ್ಲ ಕೂತು ಬೆವರು ಒರೆಸಿಕೊಂಡು ಎದ್ದ.

"ಒಳಗಿರೋದೆಲ್ಲಾನೂ ಹೊಸ ಆವೃತ್ತಿ ಮಾಡ್ಬಿಟ್ಟಿದೀನಿ ಮೇಡಂ. ಇಲ್ಲಾಂದ್ರೆ ಈ ಕ್ಯಾಮೆರಾ ಕೂರಲ್ಲ."

ಅಣ್ಣ ಅಂಕಿಗಳನ್ನು ನೋಡಿದ. ಸದ್ದಿಲ್ಲ.

"ಮಾತಾಡ್ತಾ ಇಲ್ವಲ್ಲ?" ಎಂದಳು ತಂಗಿ.

ಕ್ಯಾಮೆರಾದವನು ತನ್ನ ಪರದೆಯತ್ತ ಇಣುಕಿದ. "ಕಣ್ಣು ಸರಿಯಾಗಿ ಹಿಡೀತಾ ಇದೆ ನೋಡಿ. ಮಾತು ನಮ್ಮದಲ್ಲ ಮೇಡಂ. ಕಣ್ಣು ನಮ್ಮದು, ಬಾಯಿ ನಿಮ್ಮದು."

ಸ್ಕ್ರಿಪ್ಟಿನ ಭಾಷೆಯೇ ಹೊಸದಾಗಿತ್ತು. ಹಳೆಯ ಭಾಷೆಯಲ್ಲಿ ಪಳಗಿದ ಅಂಬಿಗನಿಗೆ ಹೊಸ ಭಾಷೆಯ ಒಂದಕ್ಷರವೂ ತಿಳಿಯದು. ಹಳೆಯದನ್ನು ಮರಳಿ ತಂದರೆ ಹೊಸ ಕ್ಯಾಮೆರಾ ಒಪ್ಪದು. ಅತ್ತ ದರಿ ಇತ್ತ ಪುಲಿ. ಪರದೆಯ ಮೂಲೆಯಲ್ಲಿ ಅಣ್ಣ ಎಂದೋ ತಮಾಷೆಗೆ ಬರೆದಿಟ್ಟಿದ್ದ ಇನ್ನೊಂದು ಸಾಲು ಮೊದಲ ಸಲ ಮೂಡಿತು: "೨೧೪ ಬೇಕಂತೆ. ಅಂಬಿಗ ಕಾಣಿಸುತ್ತಿಲ್ಲ."

ತಂಗಿ ಅವನ ಕಿವಿಯ ಬಳಿ ಬಗ್ಗಿದಳು. "ನಿನ್ನ ಅಂಬಿಗನ್ನ ನಾನೇ ರಿಪೇರಿ ಮಾಡ್ತೀನಿ ಕಣೋ. ನಿನ್ನ ಬಾಯಿ ನಿನಗೆ ತಂದ್ಕೊಡ್ತೀನಿ. ಮಾತು ಕೊಟ್ಟಿದೀನಿ ಅಂದ್ಕೋ."

ಅವನು ಒಂದು ಸಲ ರೆಪ್ಪೆ ಮುಚ್ಚಿ ತೆರೆದ. ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ. ಇನ್ನು ಉಳಿದದ್ದು ಅಷ್ಟೇ.

ಮಾತು ಕೊಡುವುದು ಸುಲಭ. ತಂಗಿ ಕನ್ನಡಕದ ಅಂಗಡಿಯೊಂದರ ಲೆಕ್ಕದ ಕೋಣೆಯಲ್ಲಿ ಸ್ಕ್ರಿಪ್ಟು ಬರೆಯುವವಳು. ಡಂಗುರದವನ ಭಾಷೆ ಅವಳಿಗೆ ಬರುತ್ತಿತ್ತು. ಅಂಬಿಗನ ಒಳಗಿನ ಭಾಷೆ ಬೇರೆ, ಕಬ್ಬಿಣದ ಕಡಲೆ. ರಜೆ ಹಾಕಿ, ಅಣ್ಣನ ಕೋಣೆಗೆ ಅಂಟಿದ ನಡುಮನೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. ಅಂಬಿಗನನ್ನು ಎಂದೋ ಬಳಸಿದವರು ಸೇರುತ್ತಿದ್ದ ಒಂದು ಹಳೆಯ ಅಂತರ್ಜಾಲದ ಕಟ್ಟೆ ಇತ್ತು. ಅಲ್ಲಿ ಹೋಗಿ ಕೂಗಿದಳು. ಬಹಳ ಹೊತ್ತಿನ ಮೇಲೆ ಗೂಬೆ ಎಂಬ ಅಡ್ಡಹೆಸರಿನವನೊಬ್ಬ ಓಗೊಟ್ಟ.

"ಇದನ್ನ ಬಳಸೋರು ಇನ್ನೂ ಇದೀರಾ? ಮ್ಯೂಸಿಯಂಗೆ ಕೊಟ್ಬಿಡಿ. ಇಲ್ಲಾಂದ್ರೆ ಇದನ್ನ ಬರೆದ ಪುಣ್ಯಾತ್ಮನ್ನೇ ಹಿಡೀರಿ."

"ಅವರು ಪಕ್ಕದ ಕೋಣೇಲಿದಾರೆ. ಮಾತಾಡೋಕಾಗಲ್ಲ. ಇದು ಸರಿಹೋದ್ರೆ ಮಾತಾಡ್ತಾರೆ."

ಆ ಕಡೆಯಿಂದ ಉತ್ತರ ಬಂತು: "ಎರರ್ ಏನು ಬರ್ತಿದೆ, ಕಳಿಸಿ."

ತಂಗಿ ಆ ಸಾಲನ್ನು ಕಳಿಸಿದಳು. ಏನೇ ಎಡವಟ್ಟಾದರೂ ಅಣ್ಣ ಬರೆದಿಟ್ಟದ್ದು ಅದೊಂದೇ ಸಾಲು. ಗೂಬೆಯೂ ಅದನ್ನು ಓದಿದ. "ಅಂಬಿಗ ಕಾಣಿಸ್ತಿಲ್ಲ ಅಂದ್ರೆ ಸಾವಿರ ಕಾರಣ ಇರಬಹುದು. ಬನ್ನಿ, ಒಂದೊಂದೇ ತೂತು ಮುಚ್ಚೋಣ."

ಒಂದು ತೂತಿಗೆ ತೇಪೆ ಹಾಕಿದರೆ ಪಕ್ಕದಲ್ಲಿ ಎರಡು ಬಾಯಿ ಬಿಡುತ್ತಿದ್ದವು. ಹೊಸ ಭಾಷೆಯವರು ಹಳೆಯ ಹೆಸರುಗಳನ್ನೆಲ್ಲ ಬದಲಿಸಿದ್ದರು. ಗಂಟು ಕಟ್ಟುವ ರೀತಿ ಬೇರೆ, ಬಿಚ್ಚುವ ರೀತಿ ಬೇರೆ. ಅಣ್ಣ ಬರೆದ ಸಾಲುಗಳಲ್ಲಿ ಅಲ್ಲಲ್ಲಿ ಅವನ ಟಿಪ್ಪಣಿ: "ಇದು ಯಾಕೆ ಕೆಲಸ ಮಾಡ್ತದೋ ಗೊತ್ತಿಲ್ಲ, ಮುಟ್ಟಬೇಡಿ." ತಂಗಿ ಮುಟ್ಟಿದಳು. ಮುರಿಯಿತು. ಕೆಲವು ಸಲ ಲ್ಯಾಪ್‌ಟಾಪು ಎತ್ತಿಕೊಂಡು ಹೋಗಿ ಅವನ ಕಣ್ಣೆದುರು ಹಿಡಿದು, "ಇದಾ? ಇದಾ?" ಎಂದು ಕೇಳಿದಳು. ಅವನು ಎರಡು ಸಲ ರೆಪ್ಪೆ ಬಡಿದು ಕಿಟಕಿಯತ್ತ ನೋಡಿದ.

ಪಾಪ, ಬೇಸರ ಬಂದಿರಬೇಕು ಎಂದುಕೊಂಡಳು. ಅವಳು ಅವನಿಗೆ ಮಾಡಬಹುದಾಗಿದ್ದ ಉಪಕಾರ ಅದೊಂದೇ. ಅಮ್ಮ ಓರೆ ಮಾಡಿದ್ದ ಕಿಟಕಿಯ ಬಾಗಿಲುಗಳೆರಡನ್ನೂ ಗೋಡೆಗೆ ಹೊಂದುವ ಹಾಗೆ ತೆರೆದು, ಪರದೆ ಸರಿಸಿ, "ತಗೋ, ನಿನ್ನ ಸೈಕಲ್ ಅಂಗಡಿ," ಎಂದಳು. ಅಮ್ಮನಿಗೂ ಹೇಳಿಟ್ಟಳು: "ಬಾಯಿಲ್ಲ ಅಂತ ಅವನನ್ನ ಸೋಲಿಸ್ಬೇಡಮ್ಮ. ತೆಗೆದೇ ಇರಲಿ." ಅಮ್ಮ ಒಪ್ಪಿದಳು. ಬಾಯಿಲ್ಲದವನ ಜೊತೆ ಎಂಥ ಯುದ್ಧ?

ಅಮ್ಮ ದಿನವೂ ಅವನನ್ನು ಪ್ರಶ್ನೆಗಳಿಂದ ಶೋಧಿಸುತ್ತಿದ್ದಳು. "ನೋವಾ? ನೀರಾ? ಹೊರಳಿಸ್ಲಾ? ತಲೆ ಕೆರೆಯುತ್ತಾ? ದಿಂಬು?" ಎಲ್ಲದಕ್ಕೂ ಎರಡೆರಡು ಸಲ. ಪ್ರಶ್ನೆಗಳು ಮುಗಿದ ಮೇಲೆ ಸುಮ್ಮನೆ ಅವನ ಪಾದ ಒತ್ತುತ್ತಿದ್ದಳು. "ಕಾಲು ತಣ್ಣಗಿದೆ ಕಣೆ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು. "ಕಾಲುಚೀಲ ಹಾಕಮ್ಮ," ಎನ್ನುತ್ತಿದ್ದಳು ತಂಗಿ, ಪರದೆಯಿಂದ ಕಣ್ಣೆತ್ತದೆ.

ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಹಸಿರಾಯಿತು. ಅಂಬಿಗನನ್ನು ಪರೀಕ್ಷಿಸಲು ಅಣ್ಣ ಬರೆದಿಟ್ಟಿದ್ದ ಪರೀಕ್ಷೆಗಳ ಪೈಕಿ ಒಂದೂ ಕೆಂಪಿಲ್ಲ. ತಂಗಿ ಕುಣಿಯುತ್ತ ಅಣ್ಣನ ಬಳಿಗೆ ಓಡಿದಳು. "ಅಮ್ಮಾ ಬಾ! ಮಾತಾಡ್ತಾನೆ ಇವತ್ತು!" ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮಂಚದ ತುದಿಗೆ ನಿಂತಳು, ಫೋಟೋಕ್ಕೆ ನಿಂತವಳ ಹಾಗೆ. ತಂಗಿ ಹೊಸ ಅಂಬಿಗನನ್ನು ಅಣ್ಣನ ಕಂಪ್ಯೂಟರಿಗೆ ಹಾಕಿದಳು. ಅಣ್ಣನ ಕಣ್ಣು ಅಂಕಿಗಳ ಮೇಲೆ ನಿಧಾನವಾಗಿ ನಡೆಯಿತು. ಎರಡು. ಒಂದು. ನಾಲ್ಕು.

"೨೧೪ ಬೇಕಂತೆ. ಅಂಬಿಗ ಕಾಣಿಸುತ್ತಿಲ್ಲ."

ಅವನು ಮತ್ತೆ ನೋಡಿದ. ಮತ್ತೆ ಅದೇ ಸಾಲು. ತಂಗಿಯ ಕಣ್ಣು ಸಾಲಿನ ಕೊನೆಗೆ ಹೋಗಿ ಅಲ್ಲೇ ನಿಂತಿತು. ಅಣ್ಣ ಅವಳನ್ನು ನೋಡಲಿಲ್ಲ; ರೆಪ್ಪೆ ಮುಚ್ಚಿಕೊಂಡ. ಅದು ಒಂದು ಸಲವೂ ಅಲ್ಲ, ಎರಡು ಸಲವೂ ಅಲ್ಲ.

"ಪರೀಕ್ಷೆಗೆ ಕಣಜ ಎಲ್ಲಿದೆ ಅಂತ ಹೇಳಿಕೊಟ್ಟಿದ್ರಾ?" ಎಂದು ಕೇಳಿದ ಗೂಬೆ.

"ಇಲ್ಲ."

"ಅಯ್ಯೋ. ಕಣಜ ಸಿಗದಿದ್ರೆ ಪರೀಕ್ಷೇನೇ ಬಿಟ್ಟು ಮುಂದೆ ಹೋಗು ಅಂತ ಬರೆದಿದಾರೆ ನಿಮ್ಮಣ್ಣ. ಒಂದೂ ನಡೆದೇ ಇಲ್ಲ. ಪರೀಕ್ಷೆ ನಡೆಯದ ಶಾಲೇಲಿ ಎಲ್ಲರೂ ಪಾಸು. ಬೇಜಾರಾಗ್ಬೇಡಿ, ನಾವೆಲ್ಲಾ ಬಿದ್ದಿರೋ ಗುಂಡಿ ಇದು."

ನಿಜವಾದ ಪರೀಕ್ಷೆ ಇಟ್ಟಾಗ ಎಲ್ಲವೂ ಕೆಂಪಾಯಿತು. ತಂಗಿ ಮೊದಲಿನಿಂದ ಶುರು ಮಾಡಿದಳು. ಅಣ್ಣನ ಕೋಣೆಯಲ್ಲಿ ಅವನ ಉಸಿರು ಗೊರಗೊರ ಎನ್ನತೊಡಗಿತ್ತು. ಡಾಕ್ಟರು ಬಂದು, ಎದೆಗೆ ಕೊಳವೆಯಿಟ್ಟು ಕೇಳಿ, "ಶೀತ ಇಳಿದಿದೆ. ಇವರಿಗೆ ಕೆಮ್ಮೋ ಶಕ್ತಿ ಇಲ್ಲ, ಅದೇ ತೊಂದರೆ," ಎಂದರು. ಅವರೇ ಎದ್ದು ಕಿಟಕಿಯನ್ನು ಮುಚ್ಚಲು ಹೋದಾಗ ಅಮ್ಮ, "ಅವನಿಗೆ ತೆಗೆದೇ ಇರಬೇಕು ಡಾಕ್ಟ್ರೇ," ಎಂದಳು. ಡಾಕ್ಟರು ಅವಳ ಮುಖ ನೋಡಿ ಕೈಬಿಟ್ಟರು. ಇನ್ನು ಅವನ ಇಷ್ಟದಂತೆ ಇರಲಿ ಎಂಬ ಅರ್ಥ ಆ ನೋಟಕ್ಕಿತ್ತು. ತಂಗಿ ನಡುಮನೆಯಿಂದಲೇ, "ಇನ್ನೊಂಚೂರು ಕಣೋ, ಆಯ್ತು," ಎಂದು ಕೂಗಿದಳು. ಬಾಗಿಲಿನಾಚೆ ಅಣ್ಣನ ಪರದೆಯ ಮೂಲೆಯಲ್ಲಿ ಸಾಲು ಬೀಳುತ್ತಲೇ ಇತ್ತು; ಸಾಲು ಬಿದ್ದಾಗಲೆಲ್ಲ ಅವಳಿಗೆ ತನ್ನನ್ನು ಹಂಗಿಸಿದ ಹಾಗಾಗುತ್ತಿತ್ತು. ಅಂಬಿಗ ಕಾಣಿಸುತ್ತಿಲ್ಲ. ಅಂಬಿಗ ಕಾಣಿಸುತ್ತಿಲ್ಲ. ಆಮೇಲೆ ಸಾಲು ಬೀಳುವುದು ನಿಂತಿತು.

ಅಮ್ಮ ಕರೆದಾಗ ಎದುರಿನ ಅಂಗಡಿಯ ಯಂತ್ರ ಬುಸ್ ಎನ್ನುತ್ತಿತ್ತು. ಒಂದು ಕ್ಷಣ ತಂಗಿ ಅದನ್ನೇ ಅವನ ಉಸಿರು ಎಂದುಕೊಂಡಳು.

ಅಣ್ಣನನ್ನು ಕಳಿಸಿಕೊಟ್ಟು, ಬಂದವರೆಲ್ಲ ಹೋಗಿ, ಮನೆ ಬಿಕೋ ಎನ್ನತೊಡಗಿದ ಮೇಲೂ ತಂಗಿ ಲ್ಯಾಪ್‌ಟಾಪು ಬಿಡಲಿಲ್ಲ. ಅಮ್ಮ ಅವನ ಮಂಚದ ಮೇಲೆ ಕೂತು ಕಾಲುಚೀಲಗಳನ್ನು ಮಡಚುತ್ತ ಕೇಳಿದಳು, "ಇನ್ನು ಯಾರಿಗೋಸ್ಕರ ಅದು?"

"ಮಾತು ಕೊಟ್ಟಿದ್ದೆ."

"ಕೇಳಿಸ್ಕೊಳ್ಳೋನೇ ಹೋದ."

"ಕೇಳಿಸ್ಕೊಳ್ಳೋಕಲ್ಲಮ್ಮ, ಹೇಳೋಕೆ."

ಅಜ್ಜಿಯ ಕಥೆಗಳಲ್ಲಿ ತಂಗಿಯರು ಏಳು ಸಮುದ್ರ ದಾಟಿ ಹೂವು ತಂದರೆ ಅಣ್ಣಂದಿರು ಮಲಗಿದ್ದವರು ಎದ್ದು ಕೂರುತ್ತಿದ್ದರು. ತಡವಾಗಿ ತಂದವಳು ಹೂವನ್ನು ಏನು ಮಾಡಿದಳು ಎಂದು ಅಜ್ಜಿ ಎಂದೂ ಹೇಳಿರಲಿಲ್ಲ. ಉಳಿದಿದ್ದ ಕೊನೆಯ ತೂತು ಸಣ್ಣದು. ಹೊಸ ಭಾಷೆ ಸಂಖ್ಯೆಯನ್ನು ಮೊದಲಿಗಿಂತ ದೊಡ್ಡ ಪೆಟ್ಟಿಗೆಯಲ್ಲಿ ಕೊಡುತ್ತಿತ್ತು. ಅಂಬಿಗ ಹಳೆಯ ರೂಢಿಯಂತೆ ಅರ್ಧ ಪೆಟ್ಟಿಗೆಯನ್ನೇ ಹೊತ್ತು ಹೋಗಿ ಕಣಜದ ಮುಂದೆ ಪೆಚ್ಚಾಗಿ ನಿಲ್ಲುತ್ತಿದ್ದ. ಅದು ಕಂಡಾಗ ತಂಗಿಗೆ ಸಂತೋಷವೂ ಆಗಲಿಲ್ಲ. ಒಂದೇ ಒಂದು ಪದ ಬದಲಿಸಿದಳು. ಈ ಸಲ ನಿಜವಾದ ಪರೀಕ್ಷೆಗಳೇ ನಡೆದು ಹಸಿರಾದವು.

ಸಂಜೆಯ ಬೆಳಕಿನಲ್ಲಿ ಅಣ್ಣನ ಕಂಪ್ಯೂಟರನ್ನು ಹಚ್ಚಿದಳು. ಕ್ಯಾಮೆರಾ ತನ್ನ ಪುಟ್ಟ ಕೆಂಪು ದೀಪ ಬಿಟ್ಟುಕೊಂಡು ಖಾಲಿ ದಿಂಬನ್ನು ನೋಡಿತು. ಎಪ್ಪತ್ತೊಂದನ್ನು ಕೇಳಬೇಕು, "ಹೋಗೇ ಕೋತಿ" ಎನ್ನಿಸಿಕೊಳ್ಳಬೇಕು, ಅಷ್ಟೇ ಅವಳ ಆಸೆ. ಅಂಬಿಗನನ್ನು ಹಾಕಿದಳು. ಅಂಕಿಯ ಮೇಲೆ ಕೈಯಿಡುವ ಮೊದಲೇ ಡಂಗುರದವನ ಸಾಲಿನಲ್ಲಿ ಕಾದಿದ್ದದ್ದು ಹೊರಟಿತು.

"ಆಯ್ತಮ್ಮಾ, ನೀನೇ ಗೆದ್ದೆ," ಎಂದ ಅಣ್ಣ, ತುಂಬು ದನಿಯಲ್ಲಿ. "ಚಳಿ ಆಗ್ತಿದೆ. ಕಿಟಕಿ ಮುಚ್ಚು." ಮಾತಿನ ತುದಿಯಲ್ಲಿ ಅವನ ನಗು.

"೨೧೪ ದಡ ಸೇರಿತು."

"ಆಯ್ತಮ್ಮಾ, ನೀನೇ ಗೆದ್ದೆ. ಚಳಿ ಆಗ್ತಿದೆ. ಕಿಟಕಿ ಮುಚ್ಚು." ಅದೇ ನಗು.

"೨೧೪ ದಡ ಸೇರಿತು."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. "ಯಾವತ್ತು ಕೇಳಿದ್ದು ಅವನು, ಇದನ್ನ?"

ತಂಗಿ ಪರದೆಯ ಮೂಲೆಯ ಅಂಕಿಯನ್ನು ನೋಡಿದಳು. ಆ ಸಂಖ್ಯೆ ಮೊದಲ ದಿನದಿಂದಲೂ ಅವಳ ಕಣ್ಣೆದುರೇ ಇತ್ತು. ಅಂಬಿಗನಿಲ್ಲದಿದ್ದರೂ ಡೇಟಾಬೇಸನ್ನು ನೇರವಾಗಿ ತೆರೆದು, ಕಣಜದ ಬಾಗಿಲಿಗೆ ತಾನೇ ನಡೆದು ಹೋಗಿ, ೨೧೪ ಅಂದರೇನು ಎಂದು ಕೇಳಬಹುದಿತ್ತು. ಕನ್ನಡಕದ ಅಂಗಡಿಯ ಲೆಕ್ಕದಲ್ಲಿ ದಿನಾ ಮಾಡುತ್ತಿದ್ದ ಕೆಲಸ ಅದು.

ಅಣ್ಣ ಹೇಳುತ್ತಲೇ ಇದ್ದ; ಕೇಳಿದಷ್ಟೂ ಸಲ, ಒಂದನ್ನೂ ಬಿಡದೆ. ಅಮ್ಮ ಮಂಚ ಬಳಸಿಕೊಂಡು ಹೋದಳು. ಗೋಡೆಗೆ ಒತ್ತಿದ್ದ ಬಾಗಿಲುಗಳನ್ನು ಒಂದೊಂದಾಗಿ ಎಳೆದು, ಚಿಲಕ ಹಾಕಿ, ಪರದೆ ಮುಚ್ಚಿದಳು. ಬೀದಿಯ ಸದ್ದು ನಿಂತು ಕೋಣೆಯಲ್ಲಿ ಅವನ ದನಿಯೊಂದೇ ಉಳಿಯಿತು. ಆಮೇಲೆ ಸಾಲು ಬರಿದಾಗಿ ಅದೂ ನಿಂತಿತು.

"೨೧೪ ದಡ ಸೇರಿತು."