ಹದಿನಾರರಲ್ಲಿ ಸೋತ ಒಂದು ಸ್ಪ್ರಿಂಗ್

ನಾನು ಕಾರಿನ ಎಂಜಿನ್ನಿನೊಳಗೆ ಬದುಕಿದ ಸ್ಪ್ರಿಂಗ್. ಹೆಬ್ಬೆರಳಿನಷ್ಟು ಎತ್ತರ, ಆರು ಸುತ್ತು. ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ ತಂತಿ ಸುತ್ತಿ, ಕಾಯಿಸಿ, ಎಣ್ಣೆಗೆ ಅದ್ದಿ ನನ್ನನ್ನು ಹುಟ್ಟಿಸಿದರು. ಎಂಜಿನ್ನು ಉಸಿರಾಡಲು ವಾಲ್ವ್ ತೆರೆಯುತ್ತದೆ. ತೆರೆದ ವಾಲ್ವನ್ನು ಒತ್ತಿ ಮುಚ್ಚುವುದು ನನ್ನ ಕೆಲಸ. ಒಂದೇ ಪೆಟ್ಟಿಗೆಯಲ್ಲಿ ನಾವು ಹದಿನಾರು ಜನ ಹುಬ್ಬಳ್ಳಿಗೆ ಬಂದೆವು.

ಪೆಟ್ಟಿಗೆ ಒಡೆದವರು ದಾವಲಸಾಬ ನದಾಫ. ಅರವತ್ತು ದಾಟಿದ ಮೇಸ್ತ್ರಿ. ರೇಸಿನ ಕಾರುಗಳಿಗೆ ಎಂಜಿನ್ನು ಕಟ್ಟುವುದರಲ್ಲಿ ಆ ಭಾಗಕ್ಕೆಲ್ಲ ಅವರದೇ ಹೆಸರು. ಪಕ್ಕದ ಸ್ಟೂಲಿನ ಮೇಲೆ ಪ್ರತಿಭಾ ಕೊಣ್ಣೂರ ಕುಳಿತಿದ್ದಳು. ಹೆಂಗಸರಿಗೆ ಕಾರು ಕಲಿಸಿ ಹೊಟ್ಟೆ ಹೊರೆಯುವವಳು. ಅವಳಿಗೆ ಕಾರು ಕಲಿಸಿದವರು ಈ ದಾವಲಸಾಬರೇ. ಮೂರು ವರ್ಷದಿಂದ ಅವಳು ರೇಸಿನಲ್ಲಿ ಎರಡನೆಯವಳಾಗಿಯೇ ಉಳಿದಿದ್ದಳು.

ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆಯೂ ಇತ್ತು. ಅದರಲ್ಲಿ ಕಾರಿನ ಜೊತೆಗೇ ಬಂದ ಹಳೆಯ, ಮೆದು ಸ್ಪ್ರಿಂಗುಗಳು.

"ಮೆತ್ತಂದು ಹಾಕಿದ್ರ ಜೋರಿನ್ಯಾಗ ವಾಲ್ವ್ ಹೊಳ್ಳಿ ಬರೂದಿಲ್ಲ. ಭಾಳ ಬಿಗಿ ಆದ್ರ ಬ್ಯಾರೆ ಸಾಮಾನು ಸವಿತೈತಿ" ಎಂದು ದಾವಲಸಾಬರು ನಮ್ಮನ್ನು ಒಬ್ಬೊಬ್ಬರನ್ನಾಗಿ ತೂಕದ ಯಂತ್ರದ ಮೇಲೆ ಒತ್ತಿ ಬಲ ನೋಡತೊಡಗಿದರು. ಹದಿನೈದು ಜನ ಸರಿಯಾಗಿದ್ದರು. ನನ್ನ ಸರದಿಯಲ್ಲಿ ಮುಳ್ಳು ಕೆಳಗೇ ನಿಂತಿತು. ಮತ್ತೆ ಒತ್ತಿದರು. ಅಷ್ಟೇ.

"ಇದೊಂದು ಸೋತೈತಿ ಯವ್ವಾ."

"ಬ್ಯಾರೇದು ತರಸೋಣಲ್ರೀ ಚಾಚಾ?"

"ಬರಾಕ ವಾರ ಬೇಕು. ರೇಸ್ ಐತಾರಕ್ಕೈತಿ."

ಅವಳು ಹಳೆಯ ಪೆಟ್ಟಿಗೆಯ ಕಡೆ ನೋಡಿದಳು. ಅದನ್ನು ಹಾಕಿದರೆ ಮತ್ತೆ ಎರಡನೆಯ ಸ್ಥಾನವೇ. ಆದರೂ ಮೆಲ್ಲಗೆ ಅಂದಳು: "ನೀವು ಹೆಂಗ ಹೇಳ್ತೀರಿ ಹಂಗ."

ಆ ಮುಖ ನೋಡಿ ಅವರ ಮನಸ್ಸು ತಡೆಯಲಿಲ್ಲ. ನನ್ನ ಅಡಿಗೆ ಒಂದು ತೆಳು ವಾಷರು ಇಟ್ಟು ಎತ್ತರಿಸಿ, ನನ್ನಲ್ಲಿಲ್ಲದ ಬಲವನ್ನು ತುಂಬಿದರು. ಹಾಗೆ ಮಾಡಿದರೆ ಪೂರ್ತಿ ಅದುಮಿದಾಗ ನನ್ನ ಸುತ್ತುಗಳು ಒಂದಕ್ಕೊಂದು ತಗಲುವ ಭಯವಿತ್ತು. ಅದು ಅವರಿಗೆ ಗೊತ್ತಿತ್ತು.

"ಎಂಜಿನ್ನು ನಿಮಿಷಕ್ಕ ಏಳು ಸಾವಿರ ಸುತ್ತು ದಾಟಸಬ್ಯಾಡ. ಮೀಟರ್ ಮ್ಯಾಲೆ ಕಣ್ಣಿರಲಿ. ನನಗ ಮಾತು ಕೊಡು."

"ಕೊಟ್ಟೆ ಚಾಚಾ."

ಎಂಜಿನ್ನು ಎಷ್ಟು ಸುತ್ತು ತಿರುಗಿತೆಂದು ನನ್ನಷ್ಟು ಬಲ್ಲವರಿಲ್ಲ. ಎರಡು ಸುತ್ತಿಗೊಮ್ಮೆ ನನಗೆ ಪೆಟ್ಟು ಬೀಳುತ್ತದೆ. ಭಾನುವಾರ ಎಂಟು ಲ್ಯಾಪ್ ಅವಳು ಮುಂದಿದ್ದಳು. ಒಂಬತ್ತನೆಯದರಲ್ಲಿ ಹಿಂದಿನ ಕಾರು ಬಾಲಕ್ಕೆ ಬಂದಿತು. ಆಗಲೂ ಅವಳ ಕಾಲು ಹಿಡಿತ ತಪ್ಪಲಿಲ್ಲ. ಆರು ಸಾವಿರದ ಎಂಟುನೂರು. ಅದರಾಚೆ ಒಂದು ಸುತ್ತೂ ಇಲ್ಲ. ಅಷ್ಟರಲ್ಲೇ ನಾನು ಮುರಿದೆ. ವಾಲ್ವ್ ಒಳಗೆ ಬಿತ್ತು, ಎಂಜಿನ್ನು ಒಡೆಯಿತು, ಚೆಲ್ಲಿದ ಎಣ್ಣೆಯ ಮೇಲೆ ಚಕ್ರ ಜಾರಿ ಕಾರು ಗೋಡೆಗೆ ಹೋಗಿ ಬಡಿಯಿತು. ಮೀಟರು ಪುಡಿಪುಡಿಯಾಯಿತು. ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ನಾಲ್ಕನೆಯ ದಿನ ದಾವಲಸಾಬರು ನನ್ನ ಎರಡು ತುಂಡುಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದರು. ಊಟ ಬಿಟ್ಟಿದ್ದರು. ನನ್ನನ್ನು ಅಂಗೈ ಮೇಲಿಟ್ಟು ಅವಳಿಗೆ ತೋರಿಸಿದರು.

"ನಾನೇ ನಿನ್ನ ಕಾಲು ಕಳದೆ ಯವ್ವಾ. ಈ ಕೈ ಕಡದು ಹಾಕಬೇಕು."

ಪ್ರತಿಭಾ ನನ್ನನ್ನು ನೋಡಿದಳು. ಆಮೇಲೆ ಅವರ ಬತ್ತಿದ ಮುಖ ನೋಡಿದಳು.

"ನಿಮ್ಮ ತಪ್ಪಲ್ಲ ಚಾಚಾ. ನಾನು ಏಳೂವರಿ ಸಾವಿರಕ್ಕ ಒಯ್ದಿದ್ದೆ."

ಅವರ ಅಂಗೈ ಮುಚ್ಚಿಕೊಂಡಿತು.

"ಮಾತು ಕೊಟ್ಟಿದ್ದಿ ಅಲ್ಲ?"

"ಗೆಲ್ಲೂ ಹುಚ್ಚು. ತಪ್ಪಾತು."

"ಸಣ್ಣಾಕಿ ಇದ್ದಾಗಿಂದ ಕಲಿಸೇನಿ ನಿನಗ. ಒಂದ ಮಾತು ಕೇಳಿದ್ದೆ, ಒಂದ!" ಎಂದು ಕೂಗಿ, ತಿರುಗಿಯೂ ನೋಡದೆ ಅವರು ಹೊರನಡೆದರು. ಜೇಬಿನೊಳಗಿಂದ ನನಗೆ ಅವರ ಎದೆಬಡಿತ ಕೇಳುತ್ತಿತ್ತು. ನಿಜ ಹೇಳಲು ನನಗೆ ಬಾಯಿಲ್ಲ.

ಅಂದು ಅವರು ಹೊಟ್ಟೆ ತುಂಬ ಉಂಡರು. ನನ್ನನ್ನು ಬಾಗಿಲ ಬಳಿಯ ಗುಜರಿ ಡಬ್ಬಕ್ಕೆ ಎಸೆದರು. ಬಂದವರಿಗೆಲ್ಲ ಹೇಳಿದರು: "ಮಾತಿಗೆ ನಿಲ್ಲೂ ಪೈಕಿ ಅಲ್ಲ ಆಕಿ." ಆ ಮಾತು ಊರೆಲ್ಲ ಹರಡಿತು. ಕಾರು ಕಲಿಸುವ ಕೆಲಸವೂ ಅವಳ ಕೈ ತಪ್ಪಿತು.

ಐದು ತಿಂಗಳ ನಂತರ, ಒಂದು ಮಧ್ಯಾಹ್ನ, ಅವಳು ಊರುಗೋಲಿನ ಮೇಲೆ ಬಂದು ಬಾಗಿಲಲ್ಲಿ ನಿಂತಳು.

"ಆರಾಮ ಇದ್ದೀರೇನ್ರೀ ಚಾಚಾ?"

ಅವರು ತಲೆಯೆತ್ತಲಿಲ್ಲ. ಗ್ರೈಂಡರಿನ ಗುಂಡಿ ಒತ್ತಿದರು. ಕಿಡಿಗಳು ಹಾರಿದವು. ಶಬ್ದ ನಿಂತೀತೆಂದು ಅವಳು ಬಹಳ ಹೊತ್ತು ಕಾದಳು. ಅದು ನಿಲ್ಲಲಿಲ್ಲ. ಆಮೇಲೆ ಗೋಡೆ ಹಿಡಿದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದಳು.

ಮತ್ತೆ ಅವಳು ಬರಲಿಲ್ಲ. ನಾನೀಗ ಗುಜರಿ ಅಂಗಡಿಯ ರಾಶಿಯ ತಳದಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ನನ್ನನ್ನು ಇಂದೋ ನಾಳೆಯೋ ಕರಗಿಸುತ್ತಾರೆ. ಆಮೇಲೆ ನಿಜ ಬಲ್ಲವಳು ಅವಳೊಬ್ಬಳೇ. ಅವಳು ಹೇಳುವುದಿಲ್ಲ.