ಗೋಕರ್ಣದ ಗಟ್ಟಿ

ನಮ್ಮತ್ತೆ ಸರ್ವಮಂಗಳಮ್ಮನವರ ದೇವರ ಗೂಡಿನಲ್ಲಿದ್ದ ವಿಭೂತಿ ಗಟ್ಟಿ ವಿಭೂತಿಯಲ್ಲದೆ ಇರಬಹುದು ಎಂದು ನನಗೆ ಅನ್ನಿಸಿದ್ದು ಒಂದು ಪ್ರೂಫ್ ತಿದ್ದುತ್ತಿದ್ದಾಗ. "ಇರಬಹುದು" ಎಂದೇ ಬರೆಯುತ್ತಿದ್ದೇನೆ. ಅದಕ್ಕಿಂತ ಖಚಿತವಾದ ಪದ ಬಳಸುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಾನು ತುಮಕೂರಿನ ಒಂದು ಸಣ್ಣ ಪ್ರೆಸ್ಸಿಗೆ ಶೆಟ್ಟಿಹಳ್ಳಿಯ ಮನೆಯಲ್ಲೇ ಕೂತು ಪ್ರೂಫ್ ನೋಡಿಕೊಡುತ್ತೇನೆ. ಮದುವೆ ಕರೆಯೋಲೆ, ಮಠಗಳ ಸ್ಮರಣ ಸಂಚಿಕೆ, ಶಾಲೆಯ ಗೈಡು. ಕಳೆದ ಆಷಾಢದಲ್ಲಿ ಬಂದದ್ದು ಬೇರೆ ಥರದ್ದು. ಗುಬ್ಬಿಯಲ್ಲಿರುವ ನಿವೃತ್ತ ಪ್ರಾಣಿಶಾಸ್ತ್ರದ ಲೆಕ್ಚರರ್ ವೆಂಕಟರಂಗಯ್ಯನವರು ತಿಮಿಂಗಿಲ, ಡಾಲ್ಫಿನ್, ಸೀಲ್‌ಗಳ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕ. ಏಳನೆಯ ಅಧ್ಯಾಯದಲ್ಲಿ ಸಮುದ್ರದಲ್ಲಿ ಯಾರು ಯಾರಿಗೆ ಆಹಾರ ಎಂದು ತೋರಿಸುವ ಬಾಣಗಳ ಚಿತ್ರವೊಂದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿಂದ ಸೀಗಡಿಯಂಥ ಜೀವಿಗಳಿಗೆ ಒಂದು ಬಾಣ, ಅವುಗಳಿಂದ ಮೀನಿಗೆ, ಮೀನಿನಿಂದ ಸ್ಕ್ವಿಡ್ ಎಂಬ ಹತ್ತು ಕೈಗಳ ಮೃದ್ವಂಗಿಗೆ, ಅದರಿಂದ ದೊಡ್ಡ ತಲೆಯ ಒಂದು ಜಾತಿಯ ತಿಮಿಂಗಿಲಕ್ಕೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಮಿಂಗಿಲದಿಂದ ಇನ್ನೊಂದು ಬಾಣ ಹೊರಟು ತಿರುಗಿ ಆ ಸಣ್ಣ ಸಸ್ಯಗಳ ಹತ್ತಿರ ಬಂದು ನಿಂತಿತ್ತು. ತಿಮಿಂಗಿಲವನ್ನು ಪಾಚಿ ತಿನ್ನುವುದುಂಟೆ? ಡಿಟಿಪಿಯವರ ತಪ್ಪೆಂದು ಕೆಂಪು ಪೆನ್ನಿನಲ್ಲಿ ಆ ಬಾಣವನ್ನು ಹೊಡೆದುಹಾಕಿದೆ. ಆಮೇಲೆ ಎಂದಿನಂತೆ ಸಂಶಯ ಬಂದು ಲೇಖಕರಿಗೇ ಫೋನ್ ಮಾಡಿದೆ.

"ಅಯ್ಯಯ್ಯೋ, ಅದೇ ಕಣಮ್ಮ ಮುಖ್ಯವಾದ ಬಾಣ!" ಎಂದು ಅವರು ಕೂಗಿದರು. "ಅದು ಸಗಣಿ ಬಾಣ. ತಿಮಿಂಗಿಲ ಆಳದಲ್ಲಿ ತಿಂದು ಮೇಲೆ ಬಂದು ಕಕ್ಕ ಮಾಡ್ತದೆ. ಅದರಲ್ಲಿ ಕಬ್ಬಿಣದ ಅಂಶ ಇರ್ತದೆ. ಅದು ಗೊಬ್ಬರ. ಗೊಬ್ಬರ ಬಿದ್ದ ಕಡೆ ಪಾಚಿ ಬೆಳೀತದೆ, ಪಾಚಿ ಇದ್ದ ಕಡೆ ಮೀನು. ತಿಮಿಂಗಿಲ ಕಮ್ಮಿಯಾದ್ರೆ ಮೀನು ಜಾಸ್ತಿ ಆಗ್ತವೆ ಅಂದ್ಕೊಂಡಿದ್ರು ಜನ. ಹಂಗಲ್ವಂತೆ, ಮೀನೂ ಕಮ್ಮಿ ಆಗಬಹುದಂತೆ."

"ಆಗಬಹುದೋ, ಆಗುತ್ತದೋ ಸರ್? ಪುಸ್ತಕದಲ್ಲಿ 'ಆಗುತ್ತದೆ' ಅಂತಿದೆ."

"ಅದನ್ನ ನೀನೇ ನೋಡ್ಕೊಳಮ್ಮ. ನಾನು ಸಮುದ್ರ ನೋಡಿರೋದೇ ಎರಡು ಸಲ."

ಬಾಣವನ್ನು ಉಳಿಸಿದೆ. ಮುಂದಿನ ಪುಟಕ್ಕೆ ಹೋದೆ. ಅಲ್ಲಿ ಬರೆದಿತ್ತು: ಸ್ಕ್ವಿಡ್‌ಗೆ ಗಿಣಿಯ ಕೊಕ್ಕಿನಂಥ ಗಟ್ಟಿ ಕೊಕ್ಕು ಇರುತ್ತದೆ. ತಿಮಿಂಗಿಲಕ್ಕೆ ಅದು ಜೀರ್ಣವಾಗುವುದಿಲ್ಲ. ಕೆಲವೊಮ್ಮೆ ಕರುಳಿನಲ್ಲಿ ಆ ಕೊಕ್ಕುಗಳ ಸುತ್ತ ಮೇಣದಂಥ ವಸ್ತು ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಹೊರಬಿದ್ದದ್ದು ವರ್ಷಗಟ್ಟಲೆ ತೇಲಿ, ಬಿಸಿಲಿಗೆ ಬೂದುಬಣ್ಣ ತಿರುಗಿ, ಸುವಾಸನೆ ಬಂದು ದಡ ಸೇರುತ್ತದೆ. ಪತ್ರಿಕೆಯವರು ತಿಮಿಂಗಿಲದ ವಾಂತಿ ಎನ್ನುವ ಅಂಬರ್‌ಗ್ರಿಸ್ ಇದೇ. ನಮ್ಮ ದೇಶದಲ್ಲಿ ಇದನ್ನು ಇಟ್ಟುಕೊಳ್ಳುವುದು ಅಪರಾಧ.

ಪೆನ್ನು ಕೆಳಗಿಟ್ಟು ದೇವರ ಗೂಡಿನ ಕಡೆ ನೋಡಿದೆ.

ಹುಲಿಯೂರುದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಮಾವ ಅಡವಿಯಪ್ಪನವರು ಹತ್ತೊಂಬತ್ತು ವರ್ಷದ ಹಿಂದೆ ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿದ್ದರು. ಬೆಳಿಗ್ಗೆ ಸಮುದ್ರಸ್ನಾನ ಮಾಡಿ ಮೇಲೆ ಬರುವಾಗ ಕಾಲಿಗೆ ತಗುಲಿದ್ದು ಈ ಗಟ್ಟಿ. ಮುಷ್ಟಿಯಷ್ಟು ದಪ್ಪ, ಬೂದುಬಣ್ಣ, ಮೇಲೆಲ್ಲ ಬಿಳಿ ಪುಡಿ, ಒಂದು ಥರದ ಪರಿಮಳ. ಶಿವರಾತ್ರಿಯ ದಿನ, ಆತ್ಮಲಿಂಗ ಇರುವ ಊರಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಮನುಷ್ಯನ ಕಾಲಿಗೆ ಅಂಥದ್ದು ಸಿಕ್ಕಿದರೆ ಅವನು ಬೇರೆ ಏನೆಂದುಕೊಳ್ಳಬೇಕು? ಕಣ್ಣಿಗೆ ಒತ್ತಿಕೊಂಡು ಟವೆಲಿನಲ್ಲಿ ಸುತ್ತಿ ತಂದರು. ಆ ವರ್ಷವೇ ಯುಗಾದಿ ಕಳೆದ ಮೇಲೆ ಹೋಗಿಬಿಟ್ಟರು. ಅಂದಿನಿಂದ ಅತ್ತೆ ದಿನಾ ಲಿಂಗಪೂಜೆಗೆ ಮೊದಲು ಮಾಮೂಲಿ ವಿಭೂತಿ ಧರಿಸಿ, ಕೊನೆಗೆ ಈ ಗಟ್ಟಿಗೆ ಉಂಗುರಬೆರಳು ತಾಗಿಸಿ ಹುಬ್ಬಿನ ನಡುವೆ ಒಂದು ಬೊಟ್ಟು ಇಟ್ಟುಕೊಳ್ಳುತ್ತಾರೆ. ನೀರು ಹಾಕಿದರೆ ಅದು ಕರಗುವುದಿಲ್ಲ. ಬೇಸಿಗೆಯಲ್ಲಿ ಮೇಣದ ಹಾಗೆ ಮೆತ್ತಗಾಗುತ್ತದೆ. "ಸಮುದ್ರದ ವಿಭೂತಿ, ಅದಕ್ಕೇ ಹಂಗೆ" ಎನ್ನುತ್ತಿದ್ದರು. ಒಂದು ಬದಿಯಲ್ಲಿ ಕಪ್ಪಗೆ ಚೂಪಾದ್ದೊಂದು ಚಾಚಿಕೊಂಡಿತ್ತು. ಅದು ಮುರಿದ ಬಿಲ್ವದ ಮುಳ್ಳು ಎಂದು ಮನೆಯವರೆಲ್ಲ ನಂಬಿದ್ದೆವು.

ಅತ್ತೆ ಮಠಕ್ಕೆ ಹೋಗಿದ್ದಾಗ ಹತ್ತಿರ ಹೋಗಿ ನೋಡಿದೆ. ಮುಳ್ಳಲ್ಲ. ಬಾಗಿತ್ತು. ಗಿಣಿಯ ಕೊಕ್ಕಿನ ಹಾಗೆ.

ಮಾತು ಅಳೆದು ಆಡುವವಳು ಎಂದು ನನಗೆ ಹೆಸರು. ಆದರೆ ಭಾನುವಾರ ಊಟಕ್ಕೆ ಕೂತಾಗ, ಕುಣಿಗಲ್‌ನಿಂದ ಮೈದುನ ರೇಣುಕಾಪ್ರಸಾದ್ ಬಂದಿದ್ದಾನೆ ಎಂಬುದನ್ನೂ ಮರೆತು, ಗಂಡನಿಗೆ ಹೇಳಿಬಿಟ್ಟೆ. ನನ್ನ ಗಂಡ ಸೋಮಶೇಖರ್ ಊರ್ಡಿಗೆರೆಯಲ್ಲಿ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. ಅವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಮನೇಲಿಟ್ಕೊಂಡ್ರೆ ಕೇಸಾ?"

"ಹಾಗಂತ ಪುಸ್ತಕದಲ್ಲಿದೆ."

"ಹತ್ತೊಂಬತ್ತು ವರ್ಷ ಇಟ್ಕೊಂಡಿದೀವಲ್ಲೇ! ನನ್ನ ಸಸ್ಪೆಂಡ್ ಮಾಡ್ತಾರೆ ಕಣೇ."

ರೇಣುಕಾಪ್ರಸಾದ್ ಆಗಲೇ ಮೊಬೈಲ್ ತೆಗೆದಿದ್ದ. "ಅತ್ತಿಗೆ, ಇದು ಕೇಜಿಗೆ ಕೋಟಿ ಅಂತೆ! ನಮ್ಮಪ್ಪ ಕೋಟಿ ಎಡವಿದಾರೆ, ನಾವು ಹಣೆಗೆ ಬಳ್ಕೊಂಡು ಕೂತಿದೀವಿ."

"ಮುಚ್ಚೋ ಬಾಯಿ," ಎಂದರು ಇವರು.

ಅತ್ತೆ ಅಡುಗೆಮನೆಯಿಂದ ಮಜ್ಜಿಗೆ ತಂದು ನಮ್ಮೆಲ್ಲರ ಮುಖ ನೋಡಿದರು. "ಏನ್ಲಾ ಅದು, ಎಡವಿದ್ದು?"

ಅಣ್ಣತಮ್ಮಂದಿರಿಬ್ಬರೂ ತಟ್ಟೆಗೆ ಬಗ್ಗಿದರು. ನಾನೇ ಹೇಳಬೇಕಾಯಿತು. ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ ಹೇಳಿದೆ. ಆದರೆ ಎಪ್ಪತ್ತೆರಡು ವರ್ಷದ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸಿಗೆ, ನೀವು ದಿನಾ ಹಣೆಗಿಟ್ಟುಕೊಳ್ಳುತ್ತಿರುವುದು ಮಾಂಸ ತಿನ್ನುವ ಪ್ರಾಣಿಯೊಂದರ ಕರುಳಿನದ್ದು ಎಂದು ಎಷ್ಟು ಮೆತ್ತಗೆ ಹೇಳಿದರೂ ಅದು ಅದೇ. ಅವರು ಸೆರಗಿನಿಂದ ಹಣೆ ಒರೆಸಿಕೊಳ್ಳಲು ಕೈಯೆತ್ತಿ, ಒರೆಸದೆ ಕೈ ಇಳಿಸಿದರು.

"ಬುಡು ಅತ್ಲಾಗೆ. ನಿಮ್ಮ ಮಾವನಿಗೆ ವಿಭೂತಿ ಗೊತ್ತಿರ್ಲಿಲ್ವಾ?"

ಅವತ್ತೇ ರೇಣುಕಾಪ್ರಸಾದ್ ಪರೀಕ್ಷೆ ಮಾಡಿಬಿಡೋಣ ಎಂದು ಹಟ ಹಿಡಿದ. ಸೂಜಿ ಕಾಯಿಸಿ ಚುಚ್ಚಿದರೆ ಅಸಲಿಯಾದದ್ದು ಕರಗಿ ಕಪ್ಪಗಾಗಿ ಪರಿಮಳದ ಹೊಗೆ ಬಿಡುತ್ತದಂತೆ. ಅತ್ತೆ ಬೇಡವೆನ್ನಲಿಲ್ಲ. "ಚುಚ್ಚು. ವಿಭೂತಿ ಬೆಂಕಿಯಿಂದ್ಲೇ ಬಂದಿದ್ದು, ಅದಕ್ಕೇನಾಗ್ತದೆ?" ಎಂದರು. ಚುಚ್ಚಿದಾಗ ಸೂಜಿಯ ಸುತ್ತ ಒಂದು ಕಪ್ಪು ಹನಿ ಕಟ್ಟಿತು, ಎಳೆಯಷ್ಟು ಹೊಗೆ ಬಂತು. ನನ್ನ ಗಂಡ ಲೋಬಾನದ ವಾಸನೆ ಎಂದರು. ರೇಣುಕಾಪ್ರಸಾದ್ "ದುಡ್ಡಿನ ವಾಸ್ನೆ" ಎಂದ. ನನಗೆ ಬಂದದ್ದು ತೊಳೆದ ಕೊಟ್ಟಿಗೆಯ ವಾಸನೆ. ಅತ್ತೆ ಬಹಳ ಹೊತ್ತು ಮೂಸಿ, "ನಿಮ್ಮಪ್ಪನ ಅಂಗಿ ವಾಸ್ನೆ" ಎಂದರು. ನಾಲ್ಕು ಮೂಗಿಗೆ ನಾಲ್ಕು ಥರ. ಇದರಲ್ಲಿ ಯಾವುದನ್ನು ಪುರಾವೆ ಅನ್ನುವುದು?

ಆ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಗೇಟಿನ ಸದ್ದಾದರೆ ನಾನು ಕಿಟಕಿಗೆ ಓಡುತ್ತಿದ್ದೆ. ಕೊರಿಯರ್ ಹುಡುಗಿಯ ಖಾಕಿ ಬ್ಯಾಗ್ ನೋಡಿ ಒಂದು ದಿನ ಬಾಗಿಲ ಚಿಲಕ ಹಾಕಿಕೊಂಡೆ. ಅರಣ್ಯ ಇಲಾಖೆಗೆ ಎರಡು ಸಲ ಫೋನ್ ಮಾಡಿ, ಆ ಕಡೆ ಹಲೋ ಎಂದ ಕೂಡಲೇ ಇಟ್ಟುಬಿಟ್ಟೆ. ರೇಣುಕಾಪ್ರಸಾದ್ ದಿನಾ ಫೋನ್ ಮಾಡಿ, "ನಾನೇ ಗೋಕರ್ಣಕ್ಕೆ ತಗೊಂಡ್ಹೋಗಿ ಸಮುದ್ರಕ್ಕೆ ಬಿಟ್ಟು ಬರ್ತೀನಿ ಅತ್ತಿಗೆ, ಅಪ್ಪನಾಣೆ" ಎನ್ನುತ್ತಿದ್ದ. ಅವನ ಆಣೆ ನಮಗೆ ಗೊತ್ತು. ಅದೂ ಅಲ್ಲದೆ, ಬಸ್ಸಿನಲ್ಲಿ ತೆಗೆದುಕೊಂಡು ಹೋದರೆ ಅದು ಸಾಗಣೆ, ಇನ್ನೊಂದು ಅಪರಾಧ. ಇಟ್ಟುಕೊಂಡರೆ ತಪ್ಪು, ಸಾಗಿಸಿದರೆ ತಪ್ಪು, ಕೊಟ್ಟರೆ ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಏನೆನ್ನುತ್ತಾರೋ. ಜೊತೆಗೆ, ಅದು ತಿಮಿಂಗಿಲದ್ದಲ್ಲವೇ ಅಲ್ಲ ಎಂದಾದರೆ, ಒಬ್ಬ ಮುದುಕಿಯ ಕೈಯಿಂದ ಅವಳ ಗಂಡ ತಂದ ಕೊನೆಯ ವಸ್ತುವನ್ನು ಸುಮ್ಮನೆ ಕಿತ್ತುಕೊಂಡ ಸೊಸೆ ನಾನಾಗುತ್ತೇನೆ.

ಅತ್ತೆ ಮಾತ್ರ ಬೊಟ್ಟು ಇಡುವುದನ್ನು ನಿಲ್ಲಿಸಿದ್ದರು. ಗಟ್ಟಿಯನ್ನು ಮುಟ್ಟದೆ ಅದರ ಮುಂದೆ ಕೂರುತ್ತಿದ್ದರು. ಶುಕ್ರವಾರ ನಾನು ಪ್ರೂಫ್ ಹರಡಿಕೊಂಡಿದ್ದಾಗ ಪಕ್ಕಕ್ಕೆ ಬಂದು ಕೂತರು.

"ಆ ಪ್ರಾಣಿ ಏನೇನು ತಿಂತದೆ, ಸರ್ಯಾಗಿ ಹೇಳು."

ಸ್ಕ್ವಿಡ್ ಕೊಕ್ಕಿನ ಚಿತ್ರ ತೋರಿಸಿ, ಆಮೇಲೆ ಬಾಣಗಳ ಚಿತ್ರವನ್ನು ಅವರ ಮುಂದಿಟ್ಟೆ. ಅವರ ಬೆರಳು ಒಂದೊಂದೇ ಬಾಣದ ಮೇಲೆ ನಿಧಾನವಾಗಿ ನಡೆಯಿತು. ಪಾಚಿ, ಸೀಗಡಿ, ಮೀನು, ಸ್ಕ್ವಿಡ್, ತಿಮಿಂಗಿಲ. ಕೆಂಪು ಶಾಯಿಯ ಗೀಟು ಇನ್ನೂ ಕಾಣುತ್ತಿದ್ದ ಕೊನೆಯ ಬಾಣದ ಮೇಲೆ ಬೆರಳು ನಿಂತಿತು.

"ಇದ್ಯಾಕೆ ಹೊಡೆದು ಹಾಕಿದೀಯ?"

"ತಪ್ಪು ಅಂದ್ಕೊಂಡಿದ್ದೆ ಅತ್ತೆ. ಅದು ಸಗಣಿ. ಪಾಚಿಗೆ ಗೊಬ್ಬರ."

"ಇದೂ ಸಗಣೀನೇ ಅನ್ನು, ನಮ್ಮ ಗಟ್ಟಿ."

"ಹೌದೇನೋ. ಕೆಲವರು ವಾಂತಿ ಅಂತಾರೆ. ಕರುಳಿನದು ಅಂದ್ರೆ..."

"ವಿಭೂತೀನೂ ಸಗಣೀನೇ ಕಣೇ," ಎಂದರು ಅತ್ತೆ. ಆ ಮಾತಿಗೆ ತಾವೇ ಗಾಬರಿಯಾದವರಂತೆ ದೇವರ ಗೂಡಿನ ಕಡೆ ನೋಡಿದರು. "ಹಸು ಹುಲ್ಲು ತಿಂತದೆ, ಇದು ಜೀವ ತಿಂತದೆ. ಅದಕ್ಕೆ ಇದು ಮೈಲಿಗೆ ಅನ್ನಬೇಕಾ? ಆ ಜೀವ ತಿಂದಿದ್ದೂ ಪಾಚೀನೇ ಅಲ್ವಾ? ನಂಗೆ ಹಿಡೀತಾ ಇಲ್ಲ." ಆಮೇಲೆ, "ಹೊಲಕ್ಕೆ ಹೋಗ್ತಿದ್ದ ಗೊಬ್ಬರದ ಗಾಡೀನ ನಿಮ್ಮ ಮಾವ ದಾರೀಲಿ ನಿಲ್ಸಿಬುಟ್ರಾ ಹಂಗಾದ್ರೆ?" ಎಂದರು.

ದಡಕ್ಕೆ ಬಿದ್ದದ್ದು ಇನ್ನು ಗೊಬ್ಬರವಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

"ನಿಂಗೆ ಏನು ಗೊತ್ತಿದೆ? ನಾಳೆ ಆ ಆಫೀಸಿಗೆ ಕರ್ಕೊಂಡೋಗು. ಸೋಮೂಗೆ ಹೇಳಬೇಡ, ಹೆದ್ರಿಕೊಳ್ತಾನೆ."

ಶನಿವಾರ ಬೆಳಿಗ್ಗೆ ಆಟೋದಲ್ಲಿ ಹೋದೆವು. ಅತ್ತೆ ಗಟ್ಟಿಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ಅದಕ್ಕೊಂದು ಕಣಗಿಲೆ ಹೂವಿಟ್ಟು, ಮಡಿಲಲ್ಲಿ ಹಿಡಿದಿದ್ದರು. ಅರಣ್ಯ ಇಲಾಖೆಯ ಕಚೇರಿಯಲ್ಲಿದ್ದ ಅಧಿಕಾರಿ ನೇತ್ರಾವತಿ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪ್ರಸಾದ ತಂದಿದ್ದೇವೆಂದು ತಿಳಿದು ಎದ್ದು ನಿಂತು ಕೈಮುಗಿದಳು. ನಾನು ವಿಷಯ ಹೇಳುತ್ತ ಹೋದಂತೆ ಅವಳ ಕೈ ನಿಧಾನವಾಗಿ ಇಳಿಯಿತು.

"ಇದು ಅಂಬರ್‌ಗ್ರಿಸ್ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನನಗೆ ಇರಬಹುದು ಅನ್ನಿಸಿತು."

"ಇರಬಹುದು ಅಂತ ನಾನು ರಿಜಿಸ್ಟರ್‌ನಲ್ಲಿ ಹೆಂಗೆ ಬರೀಲಿ ಮೇಡಂ? ನೋಡಿ, ವಿಭೂತಿ ಆಗಿದ್ರೆ ಇದಕ್ಕೂ ನಮಗೂ ಸಂಬಂಧ ಇಲ್ಲ, ಅಜ್ಜಿ ಮನೆಗೆ ತಗೊಂಡ್ಹೋಗಬಹುದು. ಅಂಬರ್‌ಗ್ರಿಸ್ ಅಂತ ನೀವು ಹೇಳಿಕೆ ಕೊಟ್ರೆ ನಾನು ವಶಕ್ಕೆ ತಗೋಬೇಕು, ಲ್ಯಾಬ್‌ಗೆ ಕಳಿಸಬೇಕು. ನೀವಾಗೇ ತಂದಿದೀರ, ಅದನ್ನೂ ಬರೀತೀನಿ. ಮುಂದಿಂದು ಮೇಲಿನವ್ರು ನೋಡ್ತಾರೆ. ಯಾವ್ದು, ಹೇಳಿ."

ಒಂದು ಪದ ಸಾಕಿತ್ತು. ವಿಭೂತಿ ಎಂದರೆ ನನ್ನ ಗಂಡನ ಕೆಲಸ ಉಳಿಯುತ್ತದೆ, ಅತ್ತೆಗೆ ಗಟ್ಟಿ ಉಳಿಯುತ್ತದೆ, ಗೇಟು ಸದ್ದಾದಾಗ ನಾನು ಕಿಟಕಿಗೆ ಓಡಬೇಕಾಗಿಲ್ಲ. ತಟ್ಟೆಯ ಕಡೆ ನೋಡಿದೆ. ಅತ್ತೆಯ ಹೆಬ್ಬೆರಳು ಸರಿಯಾಗಿ ಆ ಕಪ್ಪು ಕೊಕ್ಕಿನ ಮೇಲಿತ್ತು. ಹಿಡಿದುಕೊಳ್ಳಲು ಇಟ್ಟದ್ದೋ, ಮುಚ್ಚಲು ಇಟ್ಟದ್ದೋ? ಅವರ ಮುಖದಿಂದ ಏನೂ ತಿಳಿಯಲಿಲ್ಲ.

"ನನಗೆ ಖಚಿತವಾಗಿ ಹೇಳೋಕಾಗಲ್ಲ," ಎಂದೆ. "ವಿಭೂತಿ ಅಂತಲೇ ಮನೆಯಲ್ಲಿ ನಂಬಿಕೊಂಡು ಬಂದಿದೀವಿ."

ಅದು ಸುಳ್ಳಾಗಿರಲಿಲ್ಲ. ತಿದ್ದುವವಳಾಗಿ ನನಗೆ ಗೊತ್ತು, ಅದು ನಿಜವೂ ಆಗಿರಲಿಲ್ಲ.

"ಹಂಗಾದ್ರೆ ತಗೊಂಡ್ಹೋಗಿ ಅಜ್ಜಿ," ಎಂದು ನೇತ್ರಾವತಿ ರಿಜಿಸ್ಟರ್ ಮುಚ್ಚಿದಳು.

ಅತ್ತೆ ಏಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಹೆಬ್ಬೆರಳು ತೆಗೆದರು.

"ಇಲ್ನೋಡವ್ವ, ಕೊಕ್ಕು. ಇವಳ ಪುಸ್ತಕದಲ್ಲಿ ಇದರ ಚಿತ್ರ ಇದೆ. ಇವಳಿಗೆ ಗೊತ್ತು, ಬಾಯಿ ಬರಲ್ಲ. ನಮ್ಮೆಜಮಾನ್ರು ತಿಳೀದೆ ತಂದ್ರು, ನಾನು ತಿಳೀದೆ ಹಚ್ಕೊಂಡೆ. ನಮ್ಮ ಸೋಮೂಗೆ ಇದ್ಯಾವುದೂ ಗೊತ್ತಿಲ್ಲ. ಹಂಗೆ ಬರ್ಕೊ."

ನೇತ್ರಾವತಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಮತ್ತೆ ರಿಜಿಸ್ಟರ್ ತೆರೆದಳು. ಹೂವನ್ನು ತೆಗೆದು ಅತ್ತೆಯ ಕೈಗೆ ಕೊಟ್ಟು, ಗಟ್ಟಿಯನ್ನು ತೂಗಿ, ಕವರಿನಲ್ಲಿ ಹಾಕಿ ಮೊಹರು ಮಾಡಿದಳು.

"ಲ್ಯಾಬ್‌ನೋರು ನೋಡಾದ್ಮೇಲೆ ಸಮುದ್ರಕ್ಕೆ ಹಾಕ್ತೀರಾ?" ಅತ್ತೆ ಕೇಳಿದರು.

"ಸಮುದ್ರಕ್ಕಾ? ಯಾಕಜ್ಜಿ?"

"ಅಲ್ಲಿ ಬೆಳೆಗೆ ಬೇಕಂತೆ."

ನೇತ್ರಾವತಿ ನನ್ನ ಮುಖ ನೋಡಿದಳು. ವಿವರಿಸಬೇಕಾದವಳು ನಾನು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ರಸೀದಿಗೆ ಸಹಿ ಎಲ್ಲಿ ಎಂದು ಕೇಳಿದೆ.

ಮೂರು ತಿಂಗಳಾಯಿತು. ಒಂದು ಸಲ ಕರೆಸಿ ಹೇಳಿಕೆ ಬರೆಸಿಕೊಂಡರು, ಅಷ್ಟೇ. ವರದಿ ಬಂದಿಲ್ಲ. ನನ್ನ ಗಂಡ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ, ರೇಣುಕಾಪ್ರಸಾದ್ ಅಂತೂ ಬರುವುದನ್ನೇ ಬಿಟ್ಟಿದ್ದಾನೆ. ವೆಂಕಟರಂಗಯ್ಯನವರ ಪುಸ್ತಕ ಅಚ್ಚಾಗಿ ಬಂತು. ಬಾಣ ಇದೆ. ಕೆಳಗಿನ ಸಾಲಿನಲ್ಲಿ "ಮೀನುಗಳೂ ಕಡಿಮೆಯಾಗಬಹುದು" ಎಂದು ನಾನು ತಿದ್ದಿದ್ದೂ ಹಾಗೇ ಉಳಿದಿದೆ.

ಅವತ್ತು ಕಚೇರಿಯಿಂದ ಬರುವಾಗ ಅತ್ತೆ ಪೂಜಾ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯ ಮುಂದೆ ಆಟೋ ನಿಲ್ಲಿಸಿದ್ದರು. ಅಂಗಡಿಯವನು ಕೊಟ್ಟ ಬಿಳಿ ವಿಭೂತಿ ಗಟ್ಟಿಯನ್ನು ಮೂಗಿಗೆ ಹಿಡಿದು ಮೂಸಿದರು. ಅವನು, "ಒಳ್ಳೇ ಮಾಲು ಕಣವ್ವ, ಪ್ಯೂರ್ ನಾಟಿ ಹಸೂದು" ಎಂದ.

"ಅದು ಸರಿ. ಆ ಹಸು ಏನು ತಿಂತಿತ್ತು?"

ಅವನಿಗೆ ಗೊತ್ತಿರಲಿಲ್ಲ. ಅತ್ತೆ ದುಡ್ಡು ಕೊಟ್ಟು, ಗಟ್ಟಿಯನ್ನು ಖಾಲಿ ತಟ್ಟೆಯಲ್ಲಿಟ್ಟುಕೊಂಡು, "ನಡಿ" ಎಂದರು.